ಯಾವ ಬೆಟ್ಟಕ್ಕೆ ಹೋಗೋಣ?

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆ ಸೋಗಾನೆ ಎಂಬ ಊರಿದೆ. ಬಹುಕಾಲ ಆ ಹೆಸರು ಸುತ್ತಿನ ಹಳ್ಳಿಗಳಿಂದಾಚೆಗೆ ಅಷ್ಟಾಗಿ ಹೋಗಿರಲಿಲ್ಲ. 2023ರ ಫೆಬ್ರವರಿ 27ರಂದು ಅಲ್ಲಿ ರಾಷ್ಟ್ರಕವಿ ಕುವೆಂಪು ಅವರ ಹೆಸರು ಹೊತ್ತ ವಿಮಾನ ನಿಲ್ದಾಣದ ಉದ್ಘಾಟನೆಯಾಯಿತು. ಅದೇ ವರ್ಷದ ಆಗಸ್ಟ್ ಕೊನೆಗೆ ವಿಮಾನಗಳ ಓಡಾಟವೂ ಮೊದಲಾಯಿತು. ಅಂದಿನಿಂದ ಬೆಂಗಳೂರಿನ ಗೆಳೆಯರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಎರಡು ದಿನ ರಜೆಯಿದೆ. ಸೋಗಾನೆಗೆ ಬಂದು ಇಳಿಯುತ್ತೇವೆ. ಯಾವ ಬೆಟ್ಟ ಹತ್ತೋಣ, ಹೇಳಿ."

ಕೇಳುವವರ ಕೈಯಲ್ಲಿ ಆಗಲೇ ಒಂದು ಪಟ್ಟಿ ಇರುತ್ತದೆ. ಮುಳ್ಳಯ್ಯನಗಿರಿ 6,300 ಅಡಿಗೂ ಮೇಲು, ಕುದುರೆಮುಖ 6,200, ಕೊಡಚಾದ್ರಿ 4,400, ಕುಂದಾದ್ರಿ 2,700 ಎಂದು ಅಡಿಗಳ ಲೆಕ್ಕ. ಎತ್ತರ ಹೆಚ್ಚಿದಷ್ಟೂ ಸಾಹಸ ಹೆಚ್ಚು ಎಂಬುದು ಅವರ ಗ್ರಹಿಕೆ. ಇದು ಪುಸ್ತಕವನ್ನು ತೂಕ ನೋಡಿ ಕೊಂಡಂತೆ. ಕರ್ನಾಟಕದಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿಯ ಮೇಲುಭಾಗದವರೆಗೆ ಮೋಟಾರು ಹೋಗುತ್ತದೆ, ಉಳಿದದ್ದು ಮೆಟ್ಟಿಲುಗಳು. ಉಸಿರು ಕಟ್ಟುವ ಮೊದಲೇ ಶಿಖರ ಬಂದುಬಿಡುತ್ತದೆ. ಕೊಡಚಾದ್ರಿ ಅದಕ್ಕಿಂತ ಸುಮಾರು ಎರಡು ಸಾವಿರ ಅಡಿ ತಗ್ಗು. ಆದರೆ ಬುಡದಿಂದ ನಡೆದು ಹತ್ತಿದವನು ಆ ದಿನವನ್ನು ಸುಲಭವಾಗಿ ಮರೆಯಲಾರ.

ಹಾಗಾದರೆ ಬೆಟ್ಟವನ್ನು ಆಯುವುದು ಹೇಗೆ? ನಮಗಿಂತ ಮೊದಲು ಈ ಸೀಮೆಯಲ್ಲಿ ಬಾಳಿದವರೂ ಬೆಟ್ಟಗಳನ್ನು ಆಯ್ದುಕೊಂಡರು. ಅವರ ಆಯ್ಕೆ ರಜೆಯ ದಿನದ ವಿನೋದವಾಗಿರಲಿಲ್ಲ. ತಪಸ್ಸು, ರಾಜ್ಯ, ಹೊಟ್ಟೆಪಾಡು, ಕೆಲವೊಮ್ಮೆ ಪ್ರಾಣವೇ ಅದರ ಮೇಲೆ ನಿಂತಿತ್ತು. ಯಾರು ಯಾವ ಬೆಟ್ಟವನ್ನು ಏತಕ್ಕೆ ಹಿಡಿದರೆಂದು ನೋಡಿದರೆ ನಮ್ಮ ಚಿಕ್ಕ ಆಯ್ಕೆಗೂ ಒಂದು ದಾರಿ ಕಾಣುತ್ತದೆ.

ಮೊದಲು ತಪಸ್ವಿಗಳನ್ನು ನೋಡೋಣ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವಾಗ ದಾರಿಯ ಬದಿಗೆ ಒಂಟಿ ಬಂಡೆಯಂತೆ ಎದ್ದು ನಿಂತದ್ದು ಕುಂದಾದ್ರಿ. ಜೈನ ಪರಂಪರೆ ಇದನ್ನು ಆಚಾರ್ಯ ಕುಂದಕುಂದರ ಹೆಸರಿನೊಡನೆ ಸೇರಿಸಿ ನೆನೆಯುತ್ತದೆ. ನೆತ್ತಿಯ ಮೇಲೆ ಪಾರ್ಶ್ವನಾಥರ ಬಸದಿ, ಅದರ ಪಕ್ಕದಲ್ಲೇ ಬಂಡೆಯ ನಡುವೆ ನಿಂತ ನೀರಿನ ಕೊಳ. ಮುನಿಗಳಿಗೆ ಬೇಕಾದದ್ದು ಎರಡೇ: ಏಕಾಂತ ಮತ್ತು ನೀರು. ಏಕಾಂತ ಎಲ್ಲ ಗುಡ್ಡದಲ್ಲೂ ಉಂಟು. ತುದಿಯಲ್ಲಿ ನೀರು ನಿಲ್ಲುವ ಗುಡ್ಡ ಅಪರೂಪ. ಎತ್ತರ ಅವರ ಲೆಕ್ಕಕ್ಕೆ ಬಂದಿರಲಾರದು. ಇಂದು ಅಲ್ಲಿಗೆ ವಾಹನದ ದಾರಿಯಾಗಿದೆ. ಕಾಲಿಗೆ ಕೆಲಸ ಬೇಕೆನ್ನುವವರಿಗೆ ಅದು ಸಾಲದು. ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಿ ಸಂಜೆಯ ಬೆಳಕು ನೋಡುವುದಕ್ಕೆ ಒಳ್ಳೆಯ ಜಾಗ.

ಎರಡನೆಯವರು ವ್ಯಾಪಾರಿಗಳು. ಮಲೆನಾಡಿನ ಮೆಣಸು ಕಡಲ ದಡ ಸೇರಬೇಕಾದರೆ ಸಹ್ಯಾದ್ರಿಯನ್ನು ಇಳಿಯಲೇಬೇಕು. ಹೇರೆತ್ತುಗಳು ಮೆಣಸು, ಅಕ್ಕಿ, ಅಡಕೆ ಹೊತ್ತು ಇಳಿದು, ಉಪ್ಪು ಹೊತ್ತು ಮರಳಿ ಹತ್ತಿದ ದಾರಿಗಳೇ ನಮ್ಮ ಘಟ್ಟಗಳು. ಎತ್ತು ಶಿಖರವನ್ನು ನೋಡುವುದಿಲ್ಲ, ಎರಡು ಗುಡ್ಡಗಳ ನಡುವಿನ ತಗ್ಗನ್ನು ಹುಡುಕುತ್ತದೆ. ಆದ್ದರಿಂದ ಹಳೆಯ ಘಟ್ಟದ ದಾರಿಗಳಲ್ಲಿ ಒಂದು ವಿವೇಕವಿದೆ: ಸುತ್ತಿ ಏರುತ್ತವೆ, ನೀರಿರುವಲ್ಲಿ ನಿಲ್ಲುತ್ತವೆ.

ಇಂಥ ಒಂದು ದಾರಿಯಲ್ಲಿ 1623ರಲ್ಲಿ ವಿಚಿತ್ರ ಅತಿಥಿಯೊಬ್ಬ ಬಂದ. ರೋಮಿನ ಪಿಯೆತ್ರೊ ದೆಲ್ಲ ವಾಲ್ಲೆ ಅವನ ಹೆಸರು. ಕೆಳದಿಯ ವೆಂಕಟಪ್ಪ ನಾಯಕನ ಬಳಿಗೆ ಪೋರ್ಚುಗೀಸರು ಕಳಿಸಿದ ರಾಯಭಾರಿಯ ಪರಿವಾರದೊಡನೆ ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ರಾಯಭಾರಿಗೆ ರಾಜಕಾರ್ಯವಿತ್ತು, ಮೆಣಸಿನ ಮಾತಿತ್ತು. ದೆಲ್ಲ ವಾಲ್ಲೆಗೆ ಇವು ಯಾವುವೂ ಇರಲಿಲ್ಲ. ನೋಡಬೇಕು ಎಂಬುದೊಂದೇ ಅವನ ಕೆಲಸ. ಕಂಡದ್ದನ್ನೆಲ್ಲ ನೇಪಲ್ಸಿನ ಗೆಳೆಯನಿಗೆ ಪತ್ರಗಳಲ್ಲಿ ಬರೆದ. ಸಹ್ಯಾದ್ರಿಯನ್ನು ನೋಡಿ ತನ್ನ ದೇಶದ ಅಪೆನ್ನೈನ್ ಪರ್ವತಸಾಲನ್ನು ನೆನೆಸಿಕೊಂಡ. ಹೊರೆಯಿಲ್ಲದೆ, ಹರಕೆಯಿಲ್ಲದೆ, ಬರಿಯ ಕುತೂಹಲದಿಂದ ನಮ್ಮ ಘಟ್ಟ ಹತ್ತಿ, ಹತ್ತಿದ್ದನ್ನು ಬರೆದಿಟ್ಟ ಮೊದಲಿಗರಲ್ಲಿ ಅವನೊಬ್ಬ. ಬೆನ್ನಿಗೆ ಚೀಲ ಕಟ್ಟಿಕೊಂಡು ಬರುವ ಈ ಕಾಲದ ತರುಣರಿಗೆ ಅವನು ನಾಲ್ಕು ಶತಮಾನ ಹಿಂದಿನ ಅಣ್ಣ. ಆದರೆ ಅವನು ನಡೆದದ್ದು ವ್ಯಾಪಾರಿಗಳು ಸವೆಸಿದ್ದ ದಾರಿಯಲ್ಲಿ ಎಂಬುದನ್ನು ಮರೆಯಬಾರದು.

ಮೂರನೆಯವರು ಅರಸರು. ಕೆಳದಿಯೂ ಇಕ್ಕೇರಿಯೂ ಬಹುಮಟ್ಟಿಗೆ ತೆರೆದ ನೆಲದ ಊರುಗಳು. 1637ರಲ್ಲಿ ಬಿಜಾಪುರದ ಸೈನ್ಯ ರಣದುಲ್ಲಾಖಾನನ ನೇತೃತ್ವದಲ್ಲಿ ಬಂದು ಇಕ್ಕೇರಿಯನ್ನು ಸೂರೆಮಾಡಿತು. ಅದಾದ ಮೇಲೆ ವೀರಭದ್ರ ನಾಯಕನ ಕಾಲದಲ್ಲಿ ರಾಜಧಾನಿ ಬಿದನೂರಿಗೆ ಸರಿಯಿತು. ಅದೇ ಇಂದಿನ ಹೊಸನಗರ ತಾಲ್ಲೂಕಿನ ನಗರ. ಪೆಟ್ಟು ತಿಂದ ರಾಜ್ಯ ಬೆಟ್ಟದ ಮಡಿಲನ್ನು ಹುಡುಕಿಕೊಂಡು ಹೋಯಿತು. ಸುತ್ತ ಗುಡ್ಡ, ಗುಡ್ಡದ ಮೇಲೆ ದಟ್ಟ ಕಾಡು, ಕಾಡಿನ ದಾರಿಗಳಿಗೆ ಕಾವಲು ಬಾಗಿಲುಗಳು. ಮೆಣಸು ಇಳಿಯುವ ಘಟ್ಟವೂ ಹತ್ತಿರ. ಶಿವಪ್ಪ ನಾಯಕ 1645ರಿಂದ 1660ರವರೆಗೆ ಆಳಿ ಆ ಊರನ್ನು ಸಿರಿವಂತ ನಗರವನ್ನಾಗಿ ಮಾಡಿದ. ಭೂಮಿಯನ್ನು ಅಳೆಯಿಸಿ ಕಂದಾಯ ಗೊತ್ತುಮಾಡಿದ ಅವನ 'ಶಿಸ್ತು' ಮಲೆನಾಡಿನ ನೆನಪಿನಲ್ಲಿ ಇನ್ನೂ ಉಳಿದಿದೆ.

ಬಿದನೂರಿನ ಜೊತೆಗೆ ಈ ಮನೆತನಕ್ಕೆ ಇನ್ನೊಂದು ಆಸರೆಯಿತ್ತು. ಅದು ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರು ದೂರದ ಕವಲೇದುರ್ಗ. ಹಳೆಯ ಹೆಸರು ಭುವನಗಿರಿ. ಒಂದರೊಳಗೊಂದು ಮೂರು ಸುತ್ತಿನ ಕೋಟೆ, ಒಳಗೆ ಶಿಖರೇಶ್ವರನ ಗುಡಿ, ಕೊಳಗಳು, ಅರಮನೆಯ ತಳಪಾಯ. ಗದ್ದೆಯ ಬದಿಯಿಂದ ಹೊರಡುವ ಕಲ್ಲುಹಾಸಿನ ದಾರಿ ಕಾಡಿನ ನೆರಳಲ್ಲಿ ಏರಿ ಬಾಗಿಲಿನಿಂದ ಬಾಗಿಲಿಗೆ ಕರೆದೊಯ್ಯುತ್ತದೆ. ದಾರಿ ಪ್ರತಿ ಬಾಗಿಲಿನ ಮುಂದೆ ಏಕೆ ತಿರುಗುತ್ತದೆ ಎಂದು ನಿಂತು ಯೋಚಿಸಿದರೆ ಕೋಟೆ ಕಟ್ಟಿದವನ ಮನಸ್ಸು ತಿಳಿಯುತ್ತದೆ. ನೇರವಾಗಿ ನುಗ್ಗುವ ಶತ್ರುವಿಗೆ ಓಟದ ಬಲ ಸಿಗಬಾರದು. ತಿರುವಿನಲ್ಲಿ ಅವನ ಮೈ ಮೇಲಿನವರ ಕಣ್ಣಿಗೆ ಬೀಳಬೇಕು.

ಇಷ್ಟೆಲ್ಲ ಇದ್ದೂ ಬಿದನೂರು ಬಿತ್ತು. ಬಿದ್ದದ್ದು ಒಂದು ದಾರಿಯಿಂದ. 1763ರಲ್ಲಿ ಹೈದರಾಲಿ ದಂಡೆತ್ತಿ ಬಂದಾಗ ಆಳುತ್ತಿದ್ದವಳು ರಾಣಿ ವೀರಮ್ಮಾಜಿ. ಹಣ ಕೊಡುತ್ತೇನೆ, ಹಿಂದಿರುಗಿ ಎಂದು ಆಕೆ ಹೇಳಿಕಳಿಸಿದಳು, ಅವನು ಒಪ್ಪಲಿಲ್ಲ. ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್ ಹೇಳುವಂತೆ, ಹಿಂದೆ ಮಂತ್ರಿಯಾಗಿದ್ದು ಆಗ ಸೆರೆಯಲ್ಲಿದ್ದ ಲಿಂಗಣ್ಣನೆಂಬವನು ಹೈದರನಿಗೆ ಕಾಡಿನೊಳಗಿನ ಗುಪ್ತ ದಾರಿಯೊಂದನ್ನು ತೋರಿಸಿಕೊಟ್ಟ. ಎದುರಿನ ಬಾಗಿಲುಗಳಲ್ಲಿ ಕಾವಲಿನವರು ಕಾದಿರುವಾಗಲೇ ಶತ್ರು ಊರೊಳಗಿದ್ದ. ಜನ ಕಾಡಿಗೆ ಓಡಿದರು. ಅರಮನೆಗೆ ಬೆಂಕಿಯಿಡಲು ಹೇಳಿ ರಾಣಿ ದಕ್ಷಿಣಕ್ಕೆ ಓಡಿ ಬಲ್ಲಾಳರಾಯನದುರ್ಗ ಸೇರಿದಳು. ಅಲ್ಲಿ ಸೆರೆಸಿಕ್ಕಿ, ದತ್ತುಮಗನೊಡನೆ ಮಧುಗಿರಿಯ ಕೋಟೆಗೆ ಹೋದಳು. ಬಿದನೂರು ಹೈದರ್‌ನಗರವಾಯಿತು.

ಇಂದು ಅದೇ ಬಲ್ಲಾಳರಾಯನದುರ್ಗ ಚಾರಣಿಗರ ಪಟ್ಟಿಯಲ್ಲಿ ಮೇಲಿದೆ. ಮೂಡಿಗೆರೆ ತಾಲ್ಲೂಕಿನ ಸುಂಕಸಾಲೆಯ ಬಳಿ ಹುಲ್ಲುಗಾವಲಿನ ಏಣನ್ನು ಹತ್ತಿ, ಮುರುಕು ಗೋಡೆಯ ಮೇಲೆ ನಿಂತು ಪಟ ತೆಗೆದುಕೊಂಡು ಬರುವವರು ಸಾವಿರಾರು ಮಂದಿ. ರಾಜ್ಯ ಕಳೆದುಕೊಂಡ ಹೆಂಗಸೊಬ್ಬಳು ಇದೇ ಏಣಿನ ಮೇಲೆ ಉಸಿರು ಬಿಗಿಹಿಡಿದು ಬಂದಳೆಂಬುದನ್ನು ತಿಳಿದು ಹತ್ತುವವರು ಎಷ್ಟು ಜನವೋ! ತಿಳಿದು ಹತ್ತಿದರೆ ಗಾಳಿ ಬೇರೆಯಾಗಿ ಬೀಸುತ್ತದೆ ಎಂದು ನನಗೆ ತೋರುತ್ತದೆ.

ಆ ಸೀಮೆಯ ಮುದುಕರೊಬ್ಬರು ನಮ್ಮ ಗುಂಪನ್ನು ಒಮ್ಮೆ ತಡೆದು ನಿಲ್ಲಿಸಿ ಕೇಳಿದ್ದರು: "ಅಲ್ಲ ಮಾರಾಯ್ರೆ, ಇಷ್ಟು ದೂರದಿಂದ ಬಂದು ಗುಡ್ಡ ಹತ್ತುತ್ತೀರಲ್ಲ, ಮೇಲಿಂದ ಏನು ತರುತ್ತೀರಿ?" ನಮ್ಮ ಗುಂಪಿನವರು ನಕ್ಕರು. ಆತನ ಮುಖದಲ್ಲಿ ನಗುವಿರಲಿಲ್ಲ. ಅವರ ತಲೆಮಾರಿನವರು ಗುಡ್ಡದಿಂದ ಸೊಪ್ಪು, ಸೌದೆ, ಸೀಗೆ, ಜೇನು ತರುತ್ತಿದ್ದವರು. ಬರಿಗೈಯಲ್ಲಿ ಇಳಿಯುವುದು ಅವರಿಗೆ ಅರ್ಥವಾಗದ ಮಾತು. ಆ ಪ್ರಶ್ನೆಯನ್ನು ಇತಿಹಾಸಕ್ಕೆ ಹಾಕಿದರೆ ನಾಲ್ಕನೆಯವರ ಕಥೆ ಹೊರಡುತ್ತದೆ. ಅವರು ಬೆಟ್ಟವನ್ನು ಆಯ್ದದ್ದು ಬೆಟ್ಟವನ್ನೇ ತರುವುದಕ್ಕಾಗಿ.

ಈ ಬೆಟ್ಟಗಳ ಒಡಲಲ್ಲಿ ಕಬ್ಬಿಣವಿದೆ. ಕೊಡಚಾದ್ರಿಯ ಮೇಲಿನ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಎತ್ತರವಾದ ಕಬ್ಬಿಣದ ಕಂಬವೊಂದು ನೆಟ್ಟಿದೆ. ದೇವಿ ಮೂಕಾಸುರನನ್ನು ಕೊಂದ ತ್ರಿಶೂಲ ಅದು ಎನ್ನುವುದು ಭಕ್ತರ ನಂಬಿಕೆ. ಮಳೆಯ ನಾಡಿನಲ್ಲಿ ತೆರೆದ ಆಕಾಶದ ಕೆಳಗೆ ನಿಂತೂ ಅದು ಕರಗಿಹೋಗಿಲ್ಲ. ಹಳೆಯ ಕಮ್ಮಾರರ ಕೈಚಳಕ ಎಂಥದೆಂದು ನೋಡಬೇಕಾದವರು ಅದರ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಆ ಕಮ್ಮಾರರು ಬುಟ್ಟಿಯಲ್ಲಿ ತಂದದ್ದನ್ನು ಮುಂದೆ ಕಾರ್ಖಾನೆ ರೋಪ್‌ವೇಯಲ್ಲಿ ತಂದಿತು. ಸರ್ ಎಂ. ವಿಶ್ವೇಶ್ವರಯ್ಯನವರು ಮೈಸೂರಿನ ದಿವಾನರಾಗಿದ್ದಾಗ ಯೋಜಿಸಿದ ಕಬ್ಬಿಣದ ಕಾರ್ಖಾನೆಗೆ, ಹಿಂದೆ ಬೆಂಕಿಪುರವೆಂದು ಕರೆಯುತ್ತಿದ್ದ ಭದ್ರಾವತಿಯಲ್ಲಿ 1918ರಲ್ಲಿ ಕೆಲಸ ಮೊದಲಾಯಿತು. 1923ರ ಜನವರಿಯಲ್ಲಿ ಕುಲುಮೆ ಹೊತ್ತಿತು. ಅದಿರು ಬಂದದ್ದು ದಕ್ಷಿಣದ ಬಾಬಾಬುಡನ್ ಸಾಲಿನ ಕೆಮ್ಮಣ್ಣುಗುಂಡಿಯಿಂದ. ಕೆಂಪು ಮಣ್ಣಿನ ಗುಂಡಿ ಎಂದು ಹೆಸರೇ ಸಾರುತ್ತದೆ. ಅದಿರು ತುಂಬಿದ ತೊಟ್ಟಿಗಳು ಕಣಿವೆಯ ಮೇಲೆ ತೂಗುತ್ತ ಇಳಿದು, ಅಲ್ಲಿಂದ ಚಿಕ್ಕ ರೈಲಿನಲ್ಲಿ ಭದ್ರಾವತಿಗೆ ಹೋಗುತ್ತಿದ್ದವು. ಕಲ್ಲಿದ್ದಲು ನಮ್ಮಲ್ಲಿಲ್ಲ, ಆದ್ದರಿಂದ ಕುಲುಮೆಗೆ ಹಾಕಿದ್ದು ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲು. ಭದ್ರಾವತಿಯ ಕಬ್ಬಿಣ ಬೆಟ್ಟವನ್ನೂ ಕಾಡನ್ನೂ ಒಟ್ಟಿಗೆ ಉಂಡು ಬೆಳೆಯಿತು. ಸಾವಿರಾರು ಸಂಸಾರಗಳಿಗೆ ಅನ್ನ ಕೊಟ್ಟಿತು ಎಂಬುದೂ ಅಷ್ಟೇ ನಿಜ. ಇವೆರಡರಲ್ಲಿ ಒಂದನ್ನು ಮುಚ್ಚಿ ಇನ್ನೊಂದನ್ನು ಹೇಳುವುದು ಇತಿಹಾಸವಾಗಲಾರದು.

ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಗೆಗೆ ಬಂದು ತಂಗುತ್ತಿದ್ದುದೂ ಇದೇ ಕೆಮ್ಮಣ್ಣುಗುಂಡಿಯಲ್ಲಿ. ಈಗ ಅದು ತೋಟಗಾರಿಕೆ ಇಲಾಖೆಯ ಗಿರಿಧಾಮ. ಹೂದೋಟದಲ್ಲಿ ಸುತ್ತಾಡಿ, ಝೆಡ್ ಪಾಯಿಂಟ್ ಎಂದು ಜನ ಕರೆಯುವ ಏಣಿನವರೆಗೆ ನಡೆದು ಬರುವವರು ಕಾಲಡಿಯ ಮಣ್ಣಿನ ಬಣ್ಣವನ್ನು ಒಮ್ಮೆ ಗಮನಿಸಬೇಕು.

ಕಬ್ಬಿಣದ ಕೊನೆಯ ದೊಡ್ಡ ಅಧ್ಯಾಯ ಕುದುರೆಮುಖದ್ದು. ಕಡಲಿನ ಕಡೆಯಿಂದ ನೋಡಿದರೆ ಕುದುರೆಯ ಮೋರೆಯಂತೆ ಕಾಣುವುದರಿಂದ ಆ ಹೆಸರು. ಹಡಗಿನವರಿಗೆ ಅದು ಬಹುಕಾಲ ದಾರಿಯ ಗುರುತು. ಅಲ್ಲಿನ ಅದಿರು ತೆಗೆಯುವುದಕ್ಕೆ 1976ರಲ್ಲಿ ಸರ್ಕಾರಿ ಕಂಪನಿ ಸ್ಥಾಪನೆಯಾಯಿತು. ಅದಿರು ಹೋಗಬೇಕಾಗಿದ್ದುದು ಇರಾನಿಗೆ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಆ ಲೆಕ್ಕ ತಪ್ಪಿತು. ಆದರೂ ಗಣಿ ನಡೆಯಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರು ಕೊಳವೆಯಲ್ಲಿ ಮಂಗಳೂರಿಗೆ ಇಳಿಸುತ್ತಿದ್ದರು. 1987ರಲ್ಲಿ ಸುತ್ತಣ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಗಣಿಯ ಹೂಳು ಭದ್ರಾ ನದಿಗೆ ಸೇರುತ್ತಿದೆಯೆಂಬ ದೂರು ನ್ಯಾಯಾಲಯ ಹತ್ತಿತು. 2002ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು.

ಶಿವಮೊಗ್ಗ-ಭದ್ರಾವತಿಯವರಿಗೆ ಇದು ದೂರದ ಸುದ್ದಿಯಲ್ಲ. ತುಂಗೆಯೂ ಭದ್ರೆಯೂ ಹುಟ್ಟುವುದು ಅದೇ ಕುದುರೆಮುಖದ ಸಾಲಿನ ಗಂಗಾಮೂಲದಲ್ಲಿ. ಒಂದು ನದಿ ಶಿವಮೊಗ್ಗವನ್ನು ಹಾದುಬರುತ್ತದೆ, ಇನ್ನೊಂದು ಭದ್ರಾವತಿಯನ್ನು. ಕೂಡಲಿಯಲ್ಲಿ ಎರಡೂ ಸೇರುತ್ತವೆ. ಸೋಗಾನೆ ಈ ಎರಡು ನದಿಗಳ ನಡುವಿನ ನೆಲ. ಇಲ್ಲಿ ಇಳಿದು ಮೊದಲು ಕುಡಿಯುವ ಲೋಟ ನೀರಿನಲ್ಲೇ ಬೆಟ್ಟ ಇದೆ. ಬೆಟ್ಟದ ತಲೆಯ ಮೇಲೆ ನಡೆದದ್ದು ಎಂದಾದರೂ ಊರಿನ ನಲ್ಲಿಗೆ ಬರುತ್ತದೆ. ಆದ್ದರಿಂದ ಬೆಟ್ಟವನ್ನು ಆಯುವವನು ತಾನು ಅಲ್ಲಿ ಏನು ಬಿಟ್ಟು ಬರುತ್ತೇನೆಂದೂ ಕೇಳಿಕೊಳ್ಳಬೇಕು. ಗಣಿ ಹೋಯಿತು, ಪ್ಲಾಸ್ಟಿಕ್ ಬಾಟಲಿ ಬಂತು ಎಂದಾಗಬಾರದು. ಕುದುರೆಮುಖಕ್ಕೆ ಈಗ ಅರಣ್ಯ ಇಲಾಖೆಯ ಅನುಮತಿ ಬೇಕು, ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿಯಿದೆ. ಕೆಲವರು ಇದಕ್ಕೆ ಗೊಣಗುತ್ತಾರೆ. ಆ ಬೆಟ್ಟ ಪಟ್ಟ ಪಾಡು ತಿಳಿದರೆ ಗೊಣಗಲು ಮನಸ್ಸು ಬಾರದು.

ಇಷ್ಟು ಹೇಳಿದ ಮೇಲೆ ಗೆಳೆಯರ ಪ್ರಶ್ನೆಗೆ ಉತ್ತರ ಕೊಡಲೇಬೇಕು. ನನ್ನ ಸೂತ್ರ ಚಿಕ್ಕದು: ಎತ್ತರ ನೋಡಬೇಡಿ, ದಾರಿ ನೋಡಿ. ಕಾಲು ಸವೆಸಿದ ಹಳೆಯ ದಾರಿ ಇದೆಯೇ, ದಾರಿಯಲ್ಲಿ ನೀರಿದೆಯೇ, ಆ ದಾರಿಗೊಂದು ಕಥೆಯಿದೆಯೇ? ಮೂರೂ ಇದ್ದರೆ ಹೊರಡಿ.

ಬೆಟ್ಟ ಹತ್ತಿ ರೂಢಿಯಿಲ್ಲದವರು ಕವಲೇದುರ್ಗಕ್ಕೆ ಹೋಗಲಿ. ಬೆಳಗ್ಗೆ ಹೋಗಿ ನಿಧಾನವಾಗಿ ನೋಡಿ ಮಧ್ಯಾಹ್ನಕ್ಕೆ ಇಳಿಯಬಹುದು. ಸಾಹಸವೇ ಬೇಕೆನ್ನುವವರಿಗೆ ನನ್ನ ಆಯ್ಕೆ ಕೊಡಚಾದ್ರಿ. ಮೊದಲ ದಿನ ನಗರದ ಕೋಟೆಯನ್ನೂ ದೇವಗಂಗೆಯ ಕೊಳಗಳನ್ನೂ ನೋಡಿ ಕೊಲ್ಲೂರಿಗೆ ಇಳಿಯುವುದು. ಮರುದಿನ ಕೊಲ್ಲೂರಿನ ಬದಿಯ ಕಾರೇಕಟ್ಟೆಯಿಂದ ಕಾಡಿನ ದಾರಿಯಲ್ಲಿ ನಡೆದು ಹತ್ತುವುದು. ಇನ್ನೊಂದು ಬದಿಯಿಂದ ಜೀಪುಗಳು ಗುಡಿಯವರೆಗೆ ಬರುತ್ತವೆ; ವಯಸ್ಸಾದ ಯಾತ್ರಿಕರಿಗೆ ಅವು ಬೇಕು, ಕಾಲು ಗಟ್ಟಿಯಿರುವವರಿಗೆ ಏತಕ್ಕೆ? ಗುಡಿಯಿಂದ ಮೇಲೆ ಹುಲ್ಲಿನ ಏಣು, ಅದರ ತುದಿಯಲ್ಲಿ ಶಂಕರಾಚಾರ್ಯರ ಹೆಸರಿನ ಸರ್ವಜ್ಞಪೀಠದ ಕಲ್ಲುಮಂಟಪ. ಮೋಡವಿಲ್ಲದ ದಿನ ಪಶ್ಚಿಮಕ್ಕೆ ಕಡಲು ಹೊಳೆಯುತ್ತದೆ. ಮೆಣಸು ಹೋದ ದಿಕ್ಕು ಅದು. ಈಚೆಗೆ ತಿರುಗಿದರೆ ಶರಾವತಿಯ ಹಿನ್ನೀರು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಮುಳುಗಿದ ಊರುಗಳು ಆ ನೀರಿನಡಿಯಲ್ಲಿವೆ. ಒಂದೇ ನಿಲುವಿನಲ್ಲಿ ಸಿರಿಯನ್ನೂ ಅದರ ಬೆಲೆಯನ್ನೂ ನೋಡಬಹುದಾದ ಶಿಖರ ಬೇರೆಲ್ಲಿದೆ?

ಕಾಲದ ಮಾತನ್ನೂ ಹೇಳಿಬಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆ ಜಾರು, ಮಂಜಿನಲ್ಲಿ ದಾರಿ ತಪ್ಪುವುದು ಸುಲಭ, ಇಂಬಳದ ಕಾಟ ಬೇರೆ. ಚಳಿಗಾಲ ಕಳೆದು ಬಿಸಿಲೇರಿದಂತೆ ಮಂಗನ ಕಾಯಿಲೆಯ ಭಯ. ಆ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆ ಊರಿನ ಹೆಸರೇ ಲೋಕದ ವೈದ್ಯಗ್ರಂಥಗಳಲ್ಲಿ ಅದರ ಹೆಸರಾಯಿತು. ಹರಡುವುದು ಕಾಡಿನ ಉಣುಗಿನಿಂದ. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ಆದ್ದರಿಂದ ಮಳೆ ಹಿಂದೆಗೆದು ಹುಲ್ಲು ಇನ್ನೂ ಹಸಿರಾಗಿರುವ ಅಕ್ಟೋಬರ್, ನವೆಂಬರ್ ತಿಂಗಳುಗಳೇ ಉತ್ತಮ. ಬೇರೆ ತಿಂಗಳಲ್ಲಿ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ತರಗೆಲೆಯ ಮೇಲೆ ಕೂರದೆ, ಹೊರಡುವ ಮುನ್ನ ಆ ಊರಿನ ಆರೋಗ್ಯ ಕೇಂದ್ರದವರನ್ನು ವಿಚಾರಿಸಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅವರಿಗೆ ತಿಳಿಸಬೇಕು. ಹಳ್ಳಿಯವರಿಗೆ ಅದು ಪ್ರಾಣದ ಸುದ್ದಿ.

ಮುನಿಗಳು ಬೆಟ್ಟದಿಂದ ಶಾಂತಿಯನ್ನು ತಂದರು, ವ್ಯಾಪಾರಿಗಳು ಮೆಣಸನ್ನು, ಅರಸರು ಅಭಯವನ್ನು, ಕಾರ್ಖಾನೆಯವರು ಕಬ್ಬಿಣವನ್ನು. ಬರಿಗೈಯಲ್ಲಿ ಹತ್ತಿ ಬರಿಗೈಯಲ್ಲಿ ಇಳಿಯುವವರು ನಾವೇ ಮೊದಲಿಗರು. ಇದು ನಾಚಿಕೆಪಡುವ ಮಾತೇನೂ ಅಲ್ಲ. ಇಷ್ಟು ಜನ ಇಷ್ಟನ್ನು ಇಳಿಸಿಕೊಂಡು ಹೋದ ಬೆಟ್ಟಕ್ಕೆ, ಏನನ್ನೂ ಕೇಳದೆ ಬಂದು ಹೋಗುವ ನಾಲ್ಕು ಮಂದಿ ಈಗ ಬೇಕಾಗಿದ್ದಾರೆ.